ಶಾಶ್ವತವಾಗಿ ಕೂದಲು ತೆಗೆಯುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೂಜಿ ಹಿಡಿದು, ಲೇಸರ್ ಯಂತ್ರದ ಪಕ್ಕ ನಿಂತು ಕೆಲಸ ಮಾಡುವವಳು ನಾನು. ಮಂಚದ ಮೇಲೆ ಮಲಗಿದವರು ಕೇಳುತ್ತಾರೆ. ಹೊರಡುವಾಗ ಬಾಗಿಲ ಹತ್ತಿರ ತಿರುಗಿ ನಿಂತು ಮೆಲ್ಲಗೆ ಕೇಳುತ್ತಾರೆ. ಎದುರಿಗೆ ಕೇಳಲು ಸಂಕೋಚಪಟ್ಟವರು ಬರೆದು ಕಳಿಸುತ್ತಾರೆ. ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ನಿಮಗೆ ಬೇಕಾದ ಒಂದನ್ನೇ ಓದಿದರೂ ಸಾಕು.

## ಬುಡದಿಂದ ಶುರು ಮಾಡೋಣ

ಇಷ್ಟು ಸಲ ಕಿತ್ತರೂ ಅದೇ ಜಾಗದಲ್ಲಿ ಮತ್ತೆ ಯಾಕೆ ಬರುತ್ತೆ?

ನೀವು ಕಿತ್ತದ್ದು ಕೂದಲನ್ನು. ಅದನ್ನು ಬೆಳೆಸುವ ಗೂಡು ಒಳಗೇ ಉಳಿದಿದೆ.

ಗದ್ದದ ಒಂದು ದಪ್ಪ ಕೂದಲನ್ನು ಚಿಮುಟದಿಂದ ಕಿತ್ತು ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ತುದಿಯಲ್ಲಿ ಕಪ್ಪು ಗಂಟು ಇರುತ್ತದೆ. ಅದರ ಸುತ್ತ ಲೋಳೆಯಂತೆ ಹೊಳೆಯುವ ತೆಳು ಪೊರೆ ಅಂಟಿಕೊಂಡು ಬಂದಿರುತ್ತದೆ. ತುಂಬಾ ಜನ ಅದನ್ನು ನೋಡಿ "ಬೇರು ಸಮೇತ ಬಂತು" ಅಂತ ಖುಷಿಪಡುತ್ತಾರೆ. ಅದು ಬೇರಲ್ಲ, ಕೂದಲಿನ ಒಳ ಹೊದಿಕೆ ಅಷ್ಟೆ.

ಗೂಡಿನಲ್ಲಿ ನಮಗೆ ಮುಖ್ಯವಾದ ಜಾಗಗಳು ಎರಡು. ತಳದಲ್ಲಿ ರಕ್ತನಾಳಗಳಿರುವ ಒಂದು ಪುಟ್ಟ ಮೊಗ್ಗು. ಕೂದಲಿಗೆ ಆಹಾರ ಹೋಗುವುದು, "ಬೆಳೆ" ಅನ್ನುವ ಸೂಚನೆ ಹೋಗುವುದು ಅಲ್ಲಿಂದ. ಇನ್ನೊಂದು ಸ್ವಲ್ಪ ಮೇಲಿದೆ. ಮೈ ಜುಮ್ಮೆಂದಾಗ ಕೂದಲು ನೆಟ್ಟಗೆ ನಿಲ್ಲುತ್ತಲ್ಲ, ಹಾಗೆ ನಿಲ್ಲಿಸುವ ಸಣ್ಣ ಸ್ನಾಯು ಗೂಡಿಗೆ ಅಂಟಿಕೊಂಡಿರುವ ಕಡೆ ಒಂದು ಉಬ್ಬು ಇದೆ. ಗೂಡನ್ನು ಪ್ರತಿ ಸಲ ಹೊಸದಾಗಿ ಕಟ್ಟುವ ಕಾಂಡಕೋಶಗಳು ಅಲ್ಲಿರುತ್ತವೆ. ಈ ಎರಡು ಜಾಗಗಳಿಗೆ ಸರಿಯಾಗಿ ಪೆಟ್ಟು ಬೀಳದೆ ಕೂದಲು ನಿಲ್ಲುವುದಿಲ್ಲ. ವ್ಯಾಕ್ಸಿಂಗ್, ಥ್ರೆಡಿಂಗ್, ಕೂದಲು ತೆಗೆಯುವ ಕ್ರೀಮು, ಇವು ಯಾವುವೂ ಅಲ್ಲಿಯವರೆಗೆ ಹೋಗುವುದಿಲ್ಲ.

ಶೇವ್ ಮಾಡಿದ್ರೆ ದಪ್ಪ ಆಗುತ್ತಂತೆ, ನಿಜಾನಾ?

ಇಲ್ಲ. ಬೆಳೆದ ಕೂದಲಿನ ತುದಿ ಚೂಪಾಗಿರುತ್ತದೆ. ಬ್ಲೇಡು ಅದನ್ನು ನಡುವೆ ಕತ್ತರಿಸುತ್ತದೆ, ಆಗ ಮೊಂಡಾದ ದಪ್ಪ ಭಾಗವೇ ತುದಿಯಾಗುತ್ತದೆ. ಕೈಗೆ ಚುಚ್ಚುವುದು ಅದು. ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ 1928ರಲ್ಲೇ ಇದನ್ನು ಅಳೆದು ನೋಡಿದ್ದರು. ಶೇವ್ ಮಾಡಿದ್ದರಿಂದ ಕೂದಲಿನ ದಪ್ಪವೂ ಬದಲಾಗಲಿಲ್ಲ, ಬೆಳೆಯುವ ವೇಗವೂ ಬದಲಾಗಲಿಲ್ಲ. ಬ್ಲೇಡು ಚರ್ಮದ ಮೇಲೇ ನಿಲ್ಲುತ್ತದೆ. ಒಳಗಿನ ಗೂಡಿಗೆ ಅದರ ಸುದ್ದಿಯೇ ಇರುವುದಿಲ್ಲ.

"ಶಾಶ್ವತ" ಅಂದ್ರೆ ಜೀವನಪೂರ್ತಿ ಬರೋದೇ ಇಲ್ವಾ?

ಈ ಒಂದು ಪದ ತುಂಬಾ ಜನರಿಗೆ ನಿರಾಸೆ ಮಾಡಿದೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಲ್ಲಿ ಎರಡು ಬೇರೆ ಮಾತು ಬಳಸುತ್ತದೆ. ಎಲೆಕ್ಟ್ರೋಲಿಸಿಸ್‌ಗೆ, ಅಂದರೆ ತೆಳು ಸೂಜಿಯಿಂದ ಒಂದೊಂದೇ ಗೂಡಿಗೆ ವಿದ್ಯುತ್ ಹರಿಸುವ ವಿಧಾನಕ್ಕೆ, "ಶಾಶ್ವತವಾಗಿ ತೆಗೆಯುವುದು" ಅನ್ನುತ್ತದೆ. ಲೇಸರ್‌ಗೆ "ಶಾಶ್ವತವಾಗಿ ಕಡಿಮೆ ಮಾಡುವುದು" ಅನ್ನುತ್ತದೆ. ಎರಡನೆಯದರ ಅರ್ಥ ಇಷ್ಟು: ಎಲ್ಲ ಸಿಟ್ಟಿಂಗ್ ಮುಗಿದ ಮೇಲೆ, ಆ ಜಾಗದ ಕೂದಲು ಬೆಳೆದು ಉದುರುವ ಪೂರ್ತಿ ಒಂದು ಸುತ್ತಿಗಿಂತ ಜಾಸ್ತಿ ಕಾಲ ಕಳೆದರೂ, ಮೊದಲಿಗಿಂತ ಕಡಿಮೆ ಕೂದಲೇ ಇರಬೇಕು. ಒಂದೂ ಬರಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ.

ಲೇಸರ್ ಆದ ಮೇಲೆ ಕೆಲವು ಗೂಡುಗಳು ಸತ್ತೇ ಹೋಗುತ್ತವೆ. ಕೆಲವು ಸೊರಗಿ, ಎಳೆ ಕೂದಲನ್ನಷ್ಟೇ ಹೊರಗೆ ಬಿಡುತ್ತವೆ. ಕೆಲವು ಸುಮ್ನೆ ಮಲಗಿದ್ದು ಆಮೇಲೆ ಏಳುತ್ತವೆ. ಆದ್ದರಿಂದ "ನೂರಕ್ಕೆ ನೂರು ಗ್ಯಾರಂಟಿ" ಅನ್ನುವವರ ಹತ್ತಿರ ಲೇಸರ್ ಮಾಡಿಸಬೇಡಿ ಅಂತಲೇ ನಾನು ಹೇಳುವುದು.

ಒಂದೇ ಸಲಕ್ಕೆ ಮುಗಿಸಿಬಿಡೋಕೆ ಆಗಲ್ವಾ?

ಆಗುವುದಿಲ್ಲ. ಕೂದಲುಗಳೆಲ್ಲ ಒಟ್ಟಿಗೆ ಬೆಳೆಯುವುದಿಲ್ಲ, ಅದಕ್ಕೆ.

ಪ್ರತಿ ಕೂದಲಿಗೂ ಮೂರು ಹಂತ. ಬೆಳೆಯುವುದು, ಬುಡ ಮೇಲಕ್ಕೆ ಕುಗ್ಗುವುದು, ಮಲಗುವುದು. ಮಲಗಿದ ಕೂದಲು ಕೊನೆಗೆ ಉದುರುತ್ತದೆ, ಅದೇ ಗೂಡಿನಲ್ಲಿ ಹೊಸದು ಶುರುವಾಗುತ್ತದೆ. ಲೇಸರ್ ಚೆನ್ನಾಗಿ ಕೆಲಸ ಮಾಡುವುದು ಬೆಳೆಯುವ ಹಂತದಲ್ಲಿ. ಆಗ ಕೂದಲು ತಳದ ಮೊಗ್ಗಿಗೆ ಅಂಟಿಕೊಂಡಿರುತ್ತದೆ, ಕಪ್ಪು ಬಣ್ಣವೂ ಅಲ್ಲಿ ತುಂಬಿರುತ್ತದೆ. ಮಲಗಿದ ಕೂದಲಿಗೆ ಆ ಸಂಪರ್ಕ ತಪ್ಪಿಹೋಗಿರುತ್ತದೆ.

ತಲೆಯ ಕೂದಲಲ್ಲಿ ನೂರಕ್ಕೆ ಸುಮಾರು 85ರಿಂದ 90 ಒಂದೇ ಹೊತ್ತಿಗೆ ಬೆಳೆಯುತ್ತಿರುತ್ತವೆ. ಕಾಲಿನ ಲೆಕ್ಕವೇ ಬೇರೆ, ಅಲ್ಲಿ ಹೆಚ್ಚಿನವು ಮಲಗಿರುತ್ತವೆ. ಇವತ್ತು ಸಿಕ್ಕಿದ್ದಕ್ಕೆ ಇವತ್ತು ಪೆಟ್ಟು. ಮಲಗಿದ್ದು ಎದ್ದ ಮೇಲೆ ಮುಂದಿನ ಸಲ. ಹೀಗೆ ಆರರಿಂದ ಎಂಟು ಸಿಟ್ಟಿಂಗ್ ಮಾಮೂಲು. ಮುಖಕ್ಕೆ ನಾಲ್ಕರಿಂದ ಆರು ವಾರದ ಅಂತರ, ಕೈಕಾಲು ಬೆನ್ನಿಗೆ ಇನ್ನೂ ಜಾಸ್ತಿ. ಬೇಗ ಮುಗಿಯಲಿ ಎಂದು ವಾರಕ್ಕೊಂದು ಸಲ ಮಾಡಿಸಿದರೆ ಉಪಯೋಗವಿಲ್ಲ, ಚರ್ಮಕ್ಕೆ ಸುಮ್ನೆ ತೊಂದರೆ.

## ಲೇಸರ್

ಲೇಸರ್ ಚರ್ಮ ಸುಡದೆ ಕೂದಲನ್ನ ಮಾತ್ರ ಹೇಗೆ ಸುಡುತ್ತೆ?

ಬಿಸಿಲಿನಲ್ಲಿ ಕಪ್ಪು ಬಟ್ಟೆ ಬೇಗ ಕಾಯುತ್ತದೆ, ಬಿಳಿ ಬಟ್ಟೆ ಅಷ್ಟಾಗಿ ಕಾಯುವುದಿಲ್ಲ ಅಲ್ವಾ? ಮೂಲ ವಿಷಯ ಅದೇ. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರಿ ಕಾಯುತ್ತದೆ. ಆ ಬಿಸಿ ಗೂಡಿನ ಗೋಡೆಗೆ ಹರಡಿ ಅದನ್ನು ಬೇಯಿಸುತ್ತದೆ. ಕಾಂಡಕೋಶಗಳ ಉಬ್ಬಿನಲ್ಲಿ ಮೆಲನಿನ್ ಅಷ್ಟಾಗಿ ಇಲ್ಲ. ಹಾಗಾಗಿ ಕೂದಲಿನಿಂದ ಬಿಸಿ ಅಲ್ಲಿಯವರೆಗೆ ನಡೆದು ಹೋಗಲು ಸಮಯ ಕೊಡಬೇಕು.

ಇನ್ನೊಂದು ಗುಟ್ಟು ಸಮಯದಲ್ಲೇ ಇದೆ. ಸಣ್ಣ ವಸ್ತು ಬೇಗ ತಣಿಯುತ್ತದೆ, ದೊಡ್ಡದು ನಿಧಾನವಾಗಿ ತಣಿಯುತ್ತದೆ. ಚರ್ಮದ ಮೇಲ್ಪದರ ತಣಿಯಲು ಕೆಲವೇ ಮಿಲಿಸೆಕೆಂಡು ಸಾಕು. ದಪ್ಪ ಕೂದಲಿನ ಗೂಡಿಗೆ ಹತ್ತಾರು ಮಿಲಿಸೆಕೆಂಡು ಬೇಕು. ಬೆಳಕಿನ ಹೊಡೆತವನ್ನು ಈ ಎರಡರ ನಡುವೆ ಹೊಂದಿಸಿದರೆ ಮೇಲ್ಪದರ ಬಿಸಿಯನ್ನು ಬಿಟ್ಟುಕೊಡುತ್ತಾ ಇರುತ್ತದೆ, ಗೂಡು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಬೇಕಾದ್ದನ್ನಷ್ಟೇ ಕಾಯಿಸಬಹುದು ಎಂಬ ತತ್ವವನ್ನು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಮುಂದಿಟ್ಟರು. ಇವತ್ತಿನ ಎಲ್ಲ ಕೂದಲ ಲೇಸರ್‌ಗಳೂ ಅದರ ಮೇಲೇ ನಿಂತಿವೆ. ಜೊತೆಗೆ ಯಂತ್ರದ ತುದಿಯ ತಣ್ಣನೆಯ ಗಾಜು, ತಣ್ಣನೆ ಗಾಳಿ ಅಥವಾ ತಂಪಿನ ಸ್ಪ್ರೇ ಚರ್ಮವನ್ನು ಕಾಪಾಡುತ್ತದೆ.

ಹೊಡೆತ ಬಿದ್ದ ಕೂಡಲೇ ಕೂದಲು ಸುಟ್ಟ ವಾಸನೆ ಬರುತ್ತದೆ. ಕೆಲವು ನಿಮಿಷದಲ್ಲಿ ಪ್ರತಿ ಕೂದಲ ಬುಡದ ಸುತ್ತ ಸಾಸಿವೆಯಷ್ಟು ಕೆಂಪು ಉಬ್ಬು ಏಳುತ್ತದೆ. ಅದನ್ನು ನೋಡಿ ಗಾಬರಿ ಬೇಡ. ನಾನು ಕಾಯುವುದೇ ಅದಕ್ಕೆ. ಗೂಡಿಗೆ ಬಿಸಿ ಮುಟ್ಟಿದೆ ಎಂದು ಚರ್ಮ ಕೊಡುವ ಗುರುತು ಅದು.

ನಂದು ಕಪ್ಪು ಮೈಬಣ್ಣ. ಲೇಸರ್ ಮಾಡಿಸಿದ್ರೆ ಸುಟ್ಟು ಹೋಗುತ್ತೆ ಅಂದ್ರು.

ತಪ್ಪು ಯಂತ್ರದಲ್ಲಿ ಮಾಡಿದರೆ ಸುಡುತ್ತದೆ. ಸರಿಯಾದ ಯಂತ್ರದಲ್ಲಿ ನೆಮ್ಮದಿಯಾಗಿ ಮಾಡಿಸಬಹುದು. ಕಪ್ಪು ಮೈಬಣ್ಣದವರನ್ನು "ನಿಮಗೆ ಆಗಲ್ಲ" ಎಂದು ವಾಪಸ್ ಕಳಿಸಿದ ಕಥೆ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಬೇಜಾರಾಗುತ್ತದೆ.

ತೊಂದರೆ ಬರುವುದು ಹೀಗೆ. ಬೆಳಕು ಮೆಲನಿನ್ನನ್ನು ಹುಡುಕುತ್ತದೆ. ನಿಮ್ಮ ಚರ್ಮದ ಮೇಲ್ಪದರದಲ್ಲೂ ಅದೇ ಮೆಲನಿನ್ ಇದೆ. ಕೂದಲು ತಲುಪುವ ಮೊದಲೇ ಬೆಳಕು ಅಲ್ಲಿ ಸಿಕ್ಕಿಬಿದ್ದರೆ ಗುಳ್ಳೆ ಏಳಬಹುದು, ಕಪ್ಪು ಅಥವಾ ಬಿಳಿ ಕಲೆ ಉಳಿಯಬಹುದು.

ದಾರಿ ಇರುವುದು ಬೆಳಕಿನ ತರಂಗದ ಉದ್ದದಲ್ಲಿ. ಅಲೆಕ್ಸಾಂಡ್ರೈಟ್ ಲೇಸರ್‌ನದು 755 ನ್ಯಾನೋಮೀಟರ್. ಮೆಲನಿನ್ ಅದನ್ನು ಗಬಗಬನೆ ಹೀರುತ್ತದೆ, ಆದ್ದರಿಂದ ಬಿಳಿ ಚರ್ಮಕ್ಕೆ ಚೆನ್ನ. ಡಯೋಡ್ ಸುಮಾರು 810, ನಡುವಿನದು. ಹೊಡೆತವನ್ನು ಉದ್ದ ಮಾಡಿ, ತಂಪು ಜಾಸ್ತಿ ಕೊಟ್ಟು ಗೋಧಿ ಬಣ್ಣದ ಚರ್ಮಕ್ಕೂ ಬಳಸುತ್ತಾರೆ. ಎನ್‌ಡಿ-ಯಾಗ್ ಲೇಸರ್‌ನದು 1064. ಅದನ್ನು ಮೆಲನಿನ್ ಕಡಿಮೆ ಹೀರುತ್ತದೆ. ಮೇಲ್ಪದರವನ್ನು ಹೆಚ್ಚು ಕೆಣಕದೆ ಬೆಳಕು ಆಳಕ್ಕೆ ಇಳಿಯುತ್ತದೆ. ಕಡು ಮೈಬಣ್ಣಕ್ಕೆ ಇದೇ ಎಲ್ಲಕ್ಕಿಂತ ಸುರಕ್ಷಿತ. ಇದರಲ್ಲಿ ನೋವು ಸ್ವಲ್ಪ ಜಾಸ್ತಿ, ಎಳೆ ಕೂದಲಿಗೆ ಫಲ ಕಡಿಮೆ. ದಪ್ಪ ಕಪ್ಪು ಕೂದಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಹೋದ ಕಡೆ "ಯಾವ ಲೇಸರ್, ಎಷ್ಟು ನ್ಯಾನೋಮೀಟರ್" ಎಂದು ಕೇಳಿ. ಮೊದಲು ಕಿವಿಯ ಹಿಂದೆಯೋ ದವಡೆಯ ಕೆಳಗೋ ಒಂದೆರಡು ಹೊಡೆತ ಪರೀಕ್ಷೆಗೆ ಹಾಕಿ, ಕೆಲವು ದಿನ ಕಾದು ನೋಡುವಂತೆ ಹೇಳಿ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಮಾತ್ರ ಯಾರೇ ಆಗಲಿ ಮಾಡಿಸಬಾರದು. ಬಣ್ಣ ಇಳಿಯುವವರೆಗೆ ಕಾಯಬೇಕು. ಮಾಡಿಸಿದ ಮೇಲೂ ಕೆಲವು ವಾರ ಬಿಸಿಲು ತಪ್ಪಿಸಿ, ಸನ್‌ಸ್ಕ್ರೀನ್ ಬಿಡಬೇಡಿ.

ಶೇವ್ ಮಾಡಿ ಬನ್ನಿ, ಆದ್ರೆ ವ್ಯಾಕ್ಸ್ ಮಾಡಬೇಡಿ ಅಂತಾರೆ. ಏನು ವ್ಯತ್ಯಾಸ?

ಲೇಸರ್‌ಗೆ ಗೂಡಿನ ಒಳಗೆ ಕೂದಲು ಇರಲೇಬೇಕು. ಬಿಸಿಯನ್ನು ಕೆಳಕ್ಕೆ ಒಯ್ಯುವುದು ಅದೇ. ವ್ಯಾಕ್ಸ್, ಥ್ರೆಡಿಂಗ್, ಚಿಮುಟ ಗೂಡನ್ನು ಖಾಲಿ ಮಾಡುತ್ತವೆ. ಖಾಲಿ ಗೂಡಿಗೆ ಬೆಳಕು ಬಿಟ್ಟರೆ ಹೀರುವವರೇ ಇಲ್ಲ. ಆದ್ದರಿಂದ ನಾಲ್ಕರಿಂದ ಆರು ವಾರ ಮುಂಚೆಯೇ ಕೀಳುವುದನ್ನು ನಿಲ್ಲಿಸಬೇಕು, ಸಿಟ್ಟಿಂಗ್‌ಗಳ ನಡುವೆಯೂ ಕೀಳಬಾರದು.

ಶೇವ್ ಮಾಡಿದರೆ ಒಳಗಿನ ಕೂದಲು ಹಾಗೇ ಇರುತ್ತದೆ, ಹೊರಗಿನದು ಹೋಗುತ್ತದೆ. ಹೊರಗೆ ಉದ್ದ ಕೂದಲು ಇದ್ದರೆ ಅದೇ ಸುಟ್ಟು ಚರ್ಮಕ್ಕೆ ಬರೆ ಎಳೆಯುತ್ತದೆ. ಮುಖಕ್ಕೆ ಬ್ಲೇಡು ಮುಟ್ಟಿಸಲು ಹೆಣ್ಣುಮಕ್ಕಳು ತುಂಬಾ ಹೆದರುತ್ತಾರೆ. ದಯವಿಟ್ಟು ಹೆದರಬೇಡಿ.

ತುಂಬಾ ನೋವಾಗುತ್ತಾ? ಮರಗಟ್ಟಿಸೋ ಕ್ರೀಮ್ ಮನೆಯಲ್ಲೇ ಹಚ್ಚಿಕೊಂಡು ಬರ್ಲಾ?

ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಅನ್ನುತ್ತದೆ. ಮೇಲ್ದುಟಿ, ಕಂಕುಳು, ಒಳತೊಡೆಯ ಸಂದಿಯಲ್ಲಿ ಜಾಸ್ತಿ, ಕಾಲಿನಲ್ಲಿ ಕಡಿಮೆ. ಕೂದಲು ಕಡಿಮೆಯಾದ ಹಾಗೆ ನೋವೂ ಕಡಿಮೆಯಾಗುತ್ತದೆ.

ಕ್ರೀಮಿನ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ಅಮೆರಿಕದಲ್ಲಿ ಇಬ್ಬರು ಯುವತಿಯರು ಲೇಸರ್‌ಗೆ ಮುಂಚೆ ಕಾಲಿನ ತುಂಬ ಮರಗಟ್ಟಿಸುವ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಔಷಧ ರಕ್ತಕ್ಕೆ ಸೇರಿ ಇಬ್ಬರೂ ತೀರಿಕೊಂಡರು. 2007ರಲ್ಲಿ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಮೇಲ್ದುಟಿಯಷ್ಟು ಸಣ್ಣ ಜಾಗಕ್ಕೆ, ಡಾಕ್ಟರು ಹೇಳಿದ ಶಕ್ತಿಯ ಕ್ರೀಮು, ಹೇಳಿದಷ್ಟು ಹೊತ್ತು ಹಚ್ಚಬಹುದು. ಇಡೀ ಕಾಲಿಗೆ, ಇಡೀ ಬೆನ್ನಿಗೆ ಎಂದೂ ಹಚ್ಚಬೇಡಿ. ಮೇಲೆ ಏನನ್ನೂ ಸುತ್ತಬೇಡಿ.

ಮಾಡಿಸಿ ಹತ್ತು ದಿನ ಆಯ್ತು, ಕೂದಲು ಬೆಳೀತಾನೇ ಇದೆ! ದುಡ್ಡು ದಂಡ ಆಯ್ತಾ?

ಇಲ್ಲ. ಅದು ಬೆಳೆಯುತ್ತಿಲ್ಲ, ಹೊರಗೆ ಬೀಳುತ್ತಿದೆ. ಸುಟ್ಟ ಕೂದಲಿನ ತುಂಡನ್ನು ಚರ್ಮ ಒಂದರಿಂದ ಮೂರು ವಾರದಲ್ಲಿ ಮೇಲಕ್ಕೆ ದೂಡುತ್ತದೆ. ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿಗಳು ಕಾಣುತ್ತವೆ. ಸ್ನಾನದಲ್ಲಿ ಮೆತ್ತಗಿನ ಬಟ್ಟೆಯಿಂದ ಹಗುರವಾಗಿ ಒರೆಸಿ. ಒಂದು ಚುಕ್ಕಿಯನ್ನು ಬೆರಳಲ್ಲಿ ಮೆಲ್ಲಗೆ ಹಿಡಿದರೆ ನೋವಿಲ್ಲದೆ ಜಾರಿ ಬರುತ್ತದೆ. ಜಗ್ಗಿದರೂ ಬರದೆ ಹಿಡಿದುಕೊಂಡರೆ ಆ ಕೂದಲಿಗೆ ಈ ಸಲ ಪೆಟ್ಟು ಬಿದ್ದಿಲ್ಲ ಎಂದರ್ಥ. ಅದನ್ನು ಕೀಳದೆ ಮುಂದಿನ ಸಲಕ್ಕೆ ಬಿಡಿ.

ಮನೆಯಲ್ಲೇ ಬಳಸೋ ಐಪಿಎಲ್ ಯಂತ್ರ ತಗೊಂಡ್ರೆ ಸಾಕಲ್ವಾ?

ಐಪಿಎಲ್ ಲೇಸರ್ ಅಲ್ಲ. ಅದು ಹಲವು ತರಂಗಗಳು ಬೆರೆತ ಬೆಳಕಿನ ಹೊಳಪು, ಫಿಲ್ಟರ್ ಹಾಕಿ ಒಂದಿಷ್ಟನ್ನು ತಡೆದಿರುತ್ತಾರೆ. ಮನೆಯ ಯಂತ್ರದಲ್ಲಿ ಸುರಕ್ಷತೆಗೆ ಶಕ್ತಿಯನ್ನೂ ಕಡಿಮೆ ಇಟ್ಟಿರುತ್ತಾರೆ. ತಿಳಿ ಚರ್ಮ, ಕಪ್ಪು ಕೂದಲು ಇರುವವರಿಗೆ ಬಿಡದೆ ಬಳಸಿದರೆ ಕೂದಲು ಕಡಿಮೆಯಾಗುತ್ತದೆ. ಬಿಟ್ಟರೆ ತುಂಬಾ ಜನರಿಗೆ ವಾಪಸ್ ಬರುತ್ತದೆ. ಕಡು ಚರ್ಮದವರಿಗೆ ಬೇಡ. ಪೆಟ್ಟಿಗೆಯ ಮೇಲಿನ ಮೈಬಣ್ಣದ ಪಟ್ಟಿ ಅಲಂಕಾರಕ್ಕೆ ಹಾಕಿದ್ದಲ್ಲ, ಅದನ್ನು ನೋಡಿಯೇ ತೀರ್ಮಾನ ಮಾಡಿ.

ಹುಬ್ಬಿನ ಕೆಳಗೆ ಲೇಸರ್ ಮಾಡಿ ಅಂದ್ರೆ ಒಪ್ಪಲೇ ಇಲ್ಲ. ಯಾಕೆ?

ಒಪ್ಪದೆ ಇದ್ದದ್ದು ಒಳ್ಳೆಯದೇ ಆಯಿತು. ಕಣ್ಣಿನ ಬಣ್ಣದ ಭಾಗದಲ್ಲೂ, ಒಳಪರದೆಯಲ್ಲೂ ಮೆಲನಿನ್ ಇದೆ. ರೆಪ್ಪೆ ಮುಚ್ಚಿಕೊಂಡರೂ ಬೆಳಕು ಒಳಗೆ ಹೋಗುತ್ತದೆ. ಕಣ್ಣಿನ ಗುಳಿಯ ಮೂಳೆಯ ಅಂಚಿನ ಒಳಗೆ ಲೇಸರ್ ತರಬಾರದು. ಆ ಜಾಗಕ್ಕೆ ಸೂಜಿಯೇ ಸರಿ.

## ಎಲೆಕ್ಟ್ರೋಲಿಸಿಸ್

ಸೂಜಿ ಚುಚ್ಚಿ ಒಳಗೆ ಏನು ಮಾಡ್ತಾರೆ? ರಕ್ತ ಬರುತ್ತಾ?

ಚುಚ್ಚುವುದಿಲ್ಲ, ಇಳಿಸುತ್ತೇವೆ. ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ.

ದೀಪ ಹತ್ತಿಸಿ, ಭೂತಗನ್ನಡಿ ಕಣ್ಣಿಗೆ ಹಾಕಿಕೊಂಡು ಒಂದು ಕೂದಲನ್ನು ಆರಿಸಿಕೊಳ್ಳುತ್ತೇನೆ. ಅದು ಯಾವ ಕಡೆ ಬಾಗಿದೆ ನೋಡುತ್ತೇನೆ. ಒಳಗಿನ ಗೂಡೂ ಅದೇ ಓರೆಯಲ್ಲಿ ಇರುತ್ತದೆ. ಎಡಗೈ ಬೆರಳುಗಳಿಂದ ಚರ್ಮವನ್ನು ಸ್ವಲ್ಪ ಹಿಗ್ಗಿಸಿ, ಕೂದಲಿನ ಪಕ್ಕದಲ್ಲೇ ಗೂಡಿನ ಬಾಯಿಗೆ ಸೂಜಿಯ ತುದಿ ಇಡುತ್ತೇನೆ. ಕೂದಲಿನಷ್ಟೇ ತೆಳು ಸೂಜಿ ಅದು. ದಾರಿ ಸರಿಯಿದ್ದರೆ ತಾನಾಗಿ ಜಾರುತ್ತದೆ. ಕೈಗೆ ತಡೆ ಸಿಕ್ಕಿದರೆ ತಳ ಬಂತು, ಇಲ್ಲವೇ ದಾರಿ ತಪ್ಪಿದೆ. ತಪ್ಪಿದ್ದರೆ ಹೊರಗೆ ತೆಗೆದು ಮತ್ತೆ ಇಳಿಸಬೇಕು. ತಳ ಮುಟ್ಟಿದ ಮೇಲೆ ಕಾಲಿನ ಪೆಡಲ್ ಒತ್ತುತ್ತೇನೆ, ವಿದ್ಯುತ್ ಹರಿಯುತ್ತದೆ. ನಿಮಗೆ ಸಣ್ಣಗೆ ಬಿಸಿಯೋ ಚುರುಚುರು ಉರಿಯೋ ತಿಳಿಯುತ್ತದೆ.

ಆಮೇಲೆ ಚಿಮುಟದಲ್ಲಿ ಕೂದಲನ್ನು ಎತ್ತುತ್ತೇನೆ. ಕೆಲಸ ಸರಿಯಾಗಿದ್ದರೆ ಅದು ಬೆಣ್ಣೆಯಿಂದ ದಾರ ತೆಗೆದ ಹಾಗೆ ಬರುತ್ತದೆ. "ಚಟ್" ಎಂದು ಕಿತ್ತ ಹಾಗೆ ನಿಮಗೆ ಅನ್ನಿಸಿದರೆ ಬಾಯಿಬಿಟ್ಟು ಹೇಳಿ. ಆ ಕೂದಲನ್ನು ನಾನು ಬರೀ ಕಿತ್ತಿದ್ದೇನೆ, ಗೂಡು ಬದುಕಿದೆ. ಸರಿಯಾಗಿ ಇಳಿದ ಸೂಜಿ ರಕ್ತ ತರುವುದಿಲ್ಲ. ಸೂಜಿ ಪ್ಯಾಕೆಟ್ ನಿಮ್ಮ ಮುಂದೆಯೇ ಒಡೆದದ್ದಾಗಿರಬೇಕು, ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬೇಡ.

ಗ್ಯಾಲ್ವಾನಿಕ್, ಥರ್ಮಾಲಿಸಿಸ್, ಬ್ಲೆಂಡ್ ಅಂತ ಮೂರು ಹೇಳಿದ್ರು. ಯಾವುದು ಒಳ್ಳೇದು?

ಗೂಡನ್ನು ಕೊಲ್ಲುವ ದಾರಿ ಮೂರಕ್ಕೂ ಬೇರೆ.

ಗ್ಯಾಲ್ವಾನಿಕ್ ಹಳೆಯದು. ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮಿಷೆಲ್ 1875ರಲ್ಲಿ ಇದರ ಬಗ್ಗೆ ಬರೆದರು. ಒಳಕ್ಕೆ ತಿರುಗಿ ಕಣ್ಣುಗುಡ್ಡೆಗೆ ಉಜ್ಜುವ ರೆಪ್ಪೆಗೂದಲು ಅವರ ರೋಗಿಗಳ ಸಂಕಟವಾಗಿತ್ತು. ಅದನ್ನು ಮತ್ತೆ ಬಾರದ ಹಾಗೆ ತೆಗೆಯಲು ಹೊರಟು ಅವರು ಈ ದಾರಿ ಹಿಡಿದರು. ಮೂಲದಲ್ಲಿ ಇದು ಅಂದಕ್ಕಲ್ಲ, ಕಣ್ಣು ಉಳಿಸುವುದಕ್ಕೆ ಹುಟ್ಟಿದ ಕೆಲಸ ಅನ್ನುವುದು ನನಗೆ ಯಾವಾಗಲೂ ಇಷ್ಟವಾಗುವ ವಿಷಯ. ಇದರಲ್ಲಿ ನೇರ ವಿದ್ಯುತ್ ಹರಿದು ಗೂಡಿನೊಳಗಿನ ಉಪ್ಪುನೀರನ್ನು ಒಡೆಯುತ್ತದೆ. ಆಗ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ, ಅಲ್ಲೇ ಹುಟ್ಟುತ್ತದೆ. ಗೂಡನ್ನು ಕರಗಿಸುವುದು ಈ ಕ್ಷಾರ. ದ್ರವವಾದ್ದರಿಂದ ಬಾಗಿದ ಗೂಡಿನ ಮೂಲೆಗೂ ಹರಿಯುತ್ತದೆ. ನಿಧಾನ ಮಾತ್ರ ತುಂಬಾ, ಒಂದೊಂದು ಕೂದಲಿಗೂ ಕಾಯಬೇಕು.

ಥರ್ಮಾಲಿಸಿಸ್‌ನಲ್ಲಿ ಕ್ಷಾರ ಇಲ್ಲ, ಬಿಸಿ. ಸೆಕೆಂಡಿಗೆ ಕೋಟಿಗೂ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್, ಸಾಮಾನ್ಯವಾಗಿ 13.56 ಮೆಗಾಹರ್ಟ್ಜ್, ಸೂಜಿಯ ಸುತ್ತಲಿನ ನೀರಿನ ಕಣಗಳನ್ನು ಕುಲುಕಿ ಕಾಯಿಸುತ್ತದೆ. ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಬಿಸಿ ಸೂಜಿಯ ಸುತ್ತಮುತ್ತಲೇ ಇರುವುದರಿಂದ ಗೂಡು ಸೊಟ್ಟಗಿದ್ದರೆ ತಪ್ಪುವ ಸಾಧ್ಯತೆ ಜಾಸ್ತಿ.

ಬ್ಲೆಂಡ್ ಎರಡನ್ನೂ ಸೇರಿಸುತ್ತದೆ. ಆರ್ಥರ್ ಹಿಂಕಲ್ ಮತ್ತು ಹೆನ್ರಿ ಸೇಂಟ್ ಪಿಯರ್ ಇದನ್ನು ರೂಪಿಸಿದರು, 1948ರಲ್ಲಿ ಪೇಟೆಂಟ್ ಸಿಕ್ಕಿತು. ಬಿಸಿ ಕ್ಷಾರ ತಣ್ಣನೆಯ ಕ್ಷಾರಕ್ಕಿಂತ ಬೇಗ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಕಿತ್ತು ಕಿತ್ತು ಸೊಟ್ಟಗಾದ ಗದ್ದದ ಕೂದಲಿಗೆ ನಾನು ಬ್ಲೆಂಡ್ ಆರಿಸುತ್ತೇನೆ. ನೇರವಾದ ಎಳೆ ಕೂದಲಿಗೆ ಥರ್ಮಾಲಿಸಿಸ್. ಆದರೂ ಯಾವ ವಿಧಾನ ಅನ್ನುವುದಕ್ಕಿಂತ ಯಾರ ಕೈ ಅನ್ನುವುದು ಮುಖ್ಯ. ಮೂರರಲ್ಲೂ ಸೂಜಿ ಸರಿಯಾದ ಆಳಕ್ಕೆ ಹೋಗಲೇಬೇಕು.

ಗದ್ದದಲ್ಲಿ ಬಿಳಿ ಕೂದಲು ಬಂದಿದೆ. ಲೇಸರ್ ಆಗಲ್ಲ ಅಂದ್ರು, ನಿಜಾನಾ?

ನಿಜ. ಬಿಳಿ ಕೂದಲಲ್ಲಿ ಬೆಳಕು ಹೀರುವ ಮೆಲನಿನ್ ಇಲ್ಲ. ಹೊಂಬಣ್ಣ, ಕೆಂಪು ಕೂದಲಿಗೂ ಫಲ ತೀರಾ ಕಡಿಮೆ. ಬಣ್ಣ ಹಚ್ಚಿಕೊಂಡು ಹೋಗುತ್ತೇನೆ ಅನ್ನುವವರಿದ್ದಾರೆ. ಬಣ್ಣ ಹೊರಗಿನ ಕೂದಲಿಗೆ ಹತ್ತುತ್ತದೆ, ಗೂಡಿನ ತಳಕ್ಕೆ ಇಳಿಯುವುದಿಲ್ಲ. ಎಲೆಕ್ಟ್ರೋಲಿಸಿಸ್‌ಗೆ ಕೂದಲ ಬಣ್ಣ, ಮೈಬಣ್ಣ ಎರಡೂ ಲೆಕ್ಕಕ್ಕಿಲ್ಲ. ಕರಿ ಕೂದಲು ಇನ್ನೂ ಇದ್ದು, ನಡುವೆ ಬಿಳಿ ಶುರುವಾಗಿದ್ದರೆ ಕರಿಯದನ್ನು ಈಗಲೇ ಲೇಸರ್‌ನಲ್ಲಿ ತೆಗೆಸಿಕೊಳ್ಳಿ. ಬೆಳ್ಳಗಾದ ಮೇಲೆ ಆ ಅವಕಾಶ ಇರುವುದಿಲ್ಲ.

ಇಡೀ ಕಾಲಿಗೆ ಸೂಜಿಯಲ್ಲೇ ಮಾಡಿಸಬಹುದಾ?

ಮಾಡಿಸಬಹುದು, ಆದರೆ ಗಂಟೆಗಳ ಲೆಕ್ಕ ನೋಡಿದರೆ ಮನಸ್ಸು ಹಿಂದೇಟು ಹಾಕುತ್ತದೆ. ಇದು ಒಂದೊಂದೇ ಕೂದಲಿನ ಕೆಲಸ. ಮೇಲ್ದುಟಿಗೆ ವಾರಕ್ಕೆ ಕಾಲು ಗಂಟೆ, ಅರ್ಧ ಗಂಟೆಯಂತೆ ಶುರುವಾಗಿ ಬರಬರುತ್ತಾ ಕಡಿಮೆಯಾಗುತ್ತದೆ. ಗಡ್ಡಕ್ಕೆ ನೂರಾರು ಗಂಟೆ ಹಿಡಿಯಬಹುದು. ದೊಡ್ಡ ಜಾಗಕ್ಕೆ ಲೇಸರ್, ಸಣ್ಣ ಜಾಗಕ್ಕೆ ಮತ್ತು ಲೇಸರ್ ಬಿಟ್ಟುಹೋದದ್ದಕ್ಕೆ ಸೂಜಿ.

## ಇನ್ನೂ ಸ್ವಲ್ಪ ಆಳಕ್ಕೆ

ಪಿಸಿಒಎಸ್ ಇದೆ. ಎಷ್ಟು ಮಾಡಿಸಿದರೂ ಹೊಸದು ಬರ್ತಾನೇ ಇದೆ. ಏನ್ ಮಾಡ್ಲಿ?

ಈ ಪ್ರಶ್ನೆ ಕೇಳುವವರ ಕಣ್ಣಲ್ಲಿ ನೀರು ಬಂದಿರುತ್ತದೆ. ಮೊದಲು ಒಂದು ಮಾತು. ನಿಮ್ಮ ತಪ್ಪಿಲ್ಲ. ಲೇಸರ್ ಮಾಡಿದವರ ತಪ್ಪೂ ಇಲ್ಲದಿರಬಹುದು.

ಹುಟ್ಟಿದ ಮೇಲೆ ಹೊಸ ಗೂಡು ಹುಟ್ಟುವುದಿಲ್ಲ. ಮೈಯೆಲ್ಲ ಸೇರಿ ಸುಮಾರು 50 ಲಕ್ಷ ಗೂಡುಗಳೊಂದಿಗೇ ನಾವು ಹುಟ್ಟಿರುತ್ತೇವೆ. ಹೆಚ್ಚಿನವು ಕಣ್ಣಿಗೆ ಕಾಣದ ತುಪ್ಪುಳ ಬೆಳೆಸುತ್ತವೆ. ಗಂಡಸರಲ್ಲಿ ಹೆಚ್ಚಿರುವ ಆಂಡ್ರೊಜೆನ್ ಹಾರ್ಮೋನು ತಾಗಿದರೆ ಆ ತುಪ್ಪುಳದ ಗೂಡೇ ದಪ್ಪ ಕರಿ ಕೂದಲಿನ ಗೂಡಾಗಿ ಬದಲಾಗುತ್ತದೆ. ಹುಡುಗರಿಗೆ ಮೀಸೆ ಬರುವುದೂ ಹೀಗೇ. ಪಿಸಿಒಎಸ್, ಅಂದರೆ ಹೆಣ್ಣುಮಕ್ಕಳ ಅಂಡಾಶಯ ಮತ್ತು ಹಾರ್ಮೋನಿನ ಏರುಪೇರಿನ ತೊಂದರೆಯಲ್ಲಿ, ಈ ಹಾರ್ಮೋನು ಜಾಸ್ತಿ ಇರುವುದರಿಂದ, ತೆಗೆದ ಗೂಡಿನ ಪಕ್ಕದ ತುಪ್ಪುಳ ಸರದಿಯಲ್ಲಿ ಕಪ್ಪಾಗುತ್ತಾ ಬರುತ್ತದೆ. ನಿಮಗೆ ಅದು "ಮತ್ತೆ ಬಂತು" ಅನ್ನಿಸುತ್ತದೆ. ನಿಜವಾಗಿ ಅದು ಬೇರೆ ಗೂಡು.

ಹಾಗಾಗಿ ಎರಡು ಕಡೆಯಿಂದ ಹಿಡಿಯಬೇಕು. ಹಾರ್ಮೋನಿಗೆ ಡಾಕ್ಟರ ಚಿಕಿತ್ಸೆ, ಈಗಾಗಲೇ ದಪ್ಪಗಾದದ್ದಕ್ಕೆ ಲೇಸರ್ ಅಥವಾ ಸೂಜಿ. ಮಾತ್ರೆಯ ಫಲ ಕೂದಲಲ್ಲಿ ಕಾಣಲು ಆರು ತಿಂಗಳಾದರೂ ಬೇಕು, ಮಧ್ಯೆ ಬಿಡಬೇಡಿ. ಮುಖಕ್ಕೆ ಎಫ್ಲಾರ್ನಿಥಿನ್ ಎಂಬ ಕ್ರೀಮಿದೆ. ಅದು ಕೂದಲನ್ನು ತೆಗೆಯುವುದಿಲ್ಲ, ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಬಿಟ್ಟರೆ ಸುಮಾರು ಎರಡು ತಿಂಗಳಲ್ಲಿ ಮೊದಲಿನಂತಾಗುತ್ತದೆ. ಲೇಸರ್ ಜೊತೆ ಬಳಸಿದರೆ ಚೆನ್ನಾಗಿ ಕೂಡಿಬರುತ್ತದೆ. ಸಿಟ್ಟಿಂಗ್ ಸಂಖ್ಯೆ ನಿಮಗೆ ಜಾಸ್ತಿ ಆಗುತ್ತದೆ, ಆಮೇಲೂ ವರ್ಷಕ್ಕೆ ಒಂದೆರಡು ಬೇಕಾಗಬಹುದು. ಇದನ್ನು ಶುರುವಿನಲ್ಲೇ ಹೇಳದವರು ನಿಮಗೆ ಅನ್ಯಾಯ ಮಾಡಿದ್ದಾರೆ.

ಕೆಲವೇ ತಿಂಗಳಲ್ಲಿ ಏಕಾಏಕಿ ಗಡ್ಡ ಮೀಸೆ ದಟ್ಟವಾಗಿ, ಧ್ವನಿ ಗಡಸಾದರೆ ಮಾತ್ರ ಲೇಸರ್ ಆಮೇಲೆ ನೋಡೋಣ. ಮೊದಲು ಡಾಕ್ಟರ ಹತ್ತಿರ ಹೋಗಿ.

ಕೆನ್ನೆಗೆ ಲೇಸರ್ ಮಾಡಿಸಿದ ಮೇಲೆ ಕೂದಲು ಜಾಸ್ತಿ ಆಯ್ತು. ಹೀಗೂ ಆಗುತ್ತಾ?

ಆಗುತ್ತದೆ. ಕಡಿಮೆ ಜನರಿಗೆ, ಆದರೆ ನಿಜ. ಹೆಚ್ಚಾಗಿ ಕಾಣುವುದು ಕೆನ್ನೆ, ದವಡೆ, ಕುತ್ತಿಗೆಯಲ್ಲಿ, ಕಡು ಮೈಬಣ್ಣದವರಲ್ಲಿ, ಹಾರ್ಮೋನು ಏರುಪೇರಾದವರಲ್ಲಿ. ಗೂಡನ್ನು ಕೊಲ್ಲಲು ಸಾಲದ, ಕೆರಳಿಸಲು ಸಾಕಾಗುವಷ್ಟು ಬಿಸಿ ಬಿದ್ದಾಗ ಮಲಗಿದ್ದ ತುಪ್ಪುಳ ಎಚ್ಚೆತ್ತು ದಪ್ಪಗಾಗುತ್ತದೆ ಎನ್ನುವ ವಿವರಣೆ ಇದಕ್ಕಿದೆ. ಅದಕ್ಕೇ ಕೆನ್ನೆಯ ಬರೀ ತುಪ್ಪುಳಕ್ಕೆ ಲೇಸರ್ ಬೇಡ ಅನ್ನುತ್ತೇನೆ. ಅಲ್ಲಿ ಸುಡಲು ಬೇಕಾದ ಬಣ್ಣವೇ ಇಲ್ಲ. ಈಗಾಗಲೇ ಹೀಗಾಗಿದ್ದರೆ ಅದೇ ಶಕ್ತಿಯಲ್ಲಿ ಮುಂದುವರಿಸಬೇಡಿ. ಕೂದಲು ದಪ್ಪ ಕಪ್ಪಾಗಿದ್ದರೆ ಬೇರೆ ತರಂಗ, ಸರಿಯಾದ ಶಕ್ತಿ. ಇಲ್ಲದಿದ್ದರೆ ಸೂಜಿ.

ಲೇಸರ್‌ನಿಂದ ಕ್ಯಾನ್ಸರ್ ಬರುತ್ತೆ ಅಂತ ಅಮ್ಮ ಹೆದರ್ತಾರೆ.

ಅಮ್ಮನ ಹೆದರಿಕೆಗೆ ಹಳೆಯ ಕಾರಣ ಒಂದಿದೆ. 1896ರಲ್ಲಿ, ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ, ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಒಬ್ಬ ಪುಟ್ಟ ಹುಡುಗಿಯ ಕೂದಲು ತುಂಬಿದ ಮಚ್ಚೆಗೆ ಎಕ್ಸ್‌ರೇ ಹಾಯಿಸಿದರು. ಕೂದಲು ಉದುರಿತು. ಆಮೇಲೆ 1920ರ ದಶಕದಲ್ಲಿ ಅಮೆರಿಕದ ಸೌಂದರ್ಯದಂಗಡಿಗಳಲ್ಲಿ ಎಕ್ಸ್‌ರೇ ಪೆಟ್ಟಿಗೆಗಳನ್ನೇ ಇಟ್ಟು ಹೆಣ್ಣುಮಕ್ಕಳ ಮುಖಕ್ಕೆ ಹಾಯಿಸಿದರು. ನೋವಿಲ್ಲ, ಸೂಜಿಯಿಲ್ಲ ಎಂದು ಸಾಲುಗಟ್ಟಿ ಬಂದವರ ಚರ್ಮ ವರ್ಷಗಳ ಮೇಲೆ ಸುಕ್ಕಿತು, ಹುಣ್ಣಾಯಿತು, ಕೆಲವರಿಗೆ ಕ್ಯಾನ್ಸರ್ ಆಯಿತು.

ಲೇಸರ್ ಎಕ್ಸ್‌ರೇ ಅಲ್ಲ. ಇದು ಕೆಂಪು ಮತ್ತು ಅದರಾಚೆಯ ಬೆಳಕು, ಜೀವಕೋಶದ ಡಿಎನ್‌ಎ ಒಡೆಯುವ ಶಕ್ತಿ ಇದಕ್ಕಿಲ್ಲ. ಬಿಸಿ ಮಾಡುತ್ತದೆ ಅಷ್ಟೆ. ಆದರೆ ಮಚ್ಚೆಗಳ ಮೇಲೆ ಹೊಡೆಯಬಾರದು. ಬಿಳಿ ಪೆನ್ಸಿಲ್‌ನಿಂದ ಗುರುತು ಮಾಡಿ, ಮುಚ್ಚಿ, ಬಿಟ್ಟು ಹೋಗಬೇಕು. ಮಚ್ಚೆ ಸುಡುತ್ತದೆ, ಜೊತೆಗೆ ಅದರ ರೂಪ ಬದಲಾದರೆ ಮುಂದೆ ಅದರಲ್ಲಿ ಕೆಟ್ಟದ್ದು ಬೆಳೆದರೂ ಗುರುತಿಸುವುದು ಕಷ್ಟ.

ಯಾರು ಮಾಡಿಸಬಾರದು?

ಹಚ್ಚೆ ಇರುವ ಜಾಗಕ್ಕೆ ಲೇಸರ್ ಬೇಡ, ಶಾಯಿಯೇ ಬೆಳಕು ಹೀರಿ ಸುಡುತ್ತದೆ. ಬಿಸಿಲಿಗೆ ಚರ್ಮ ಸೂಕ್ಷ್ಮವಾಗಿಸುವ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ, ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಎಲೆಕ್ಟ್ರೋಲಿಸಿಸ್‌ಗೆ ಮುಂಚೆ ಹೃದಯದ ಡಾಕ್ಟರನ್ನು ಕೇಳಲೇಬೇಕು. ಬಸುರಿಯರು ಹೆರಿಗೆಯಾಗುವವರೆಗೆ ಕಾಯುವುದು ಒಳ್ಳೆಯದು. ಬಸಿರಿನಲ್ಲಿ ಬಂದ ಕೂದಲು ಎಷ್ಟೋ ಸಲ ಹೆರಿಗೆಯ ಮೇಲೆ ತಾನೇ ಹೋಗುತ್ತದೆ. ತುಟಿಯ ಹತ್ತಿರ ಹರ್ಪಿಸ್ ಗುಳ್ಳೆ ಪದೇ ಪದೇ ಬರುವವರು ಅದನ್ನೂ ಹೇಳಿ, ಲೇಸರ್‌ನ ಬಿಸಿಗೆ ಅದು ಕೆರಳಬಹುದು. ಮುಂಚೆಯೇ ಮಾತ್ರೆ ಕೊಡುತ್ತಾರೆ.

ನಾನು ಟ್ರಾನ್ಸ್ ಹೆಣ್ಣು. ಹಾರ್ಮೋನು ಶುರು ಮಾಡಿದರೆ ಗಡ್ಡ ತಾನಾಗಿ ಹೋಗಲ್ವಾ?

ಮೈಮೇಲಿನ ಕೂದಲು ತೆಳ್ಳಗಾಗುತ್ತದೆ. ಗಡ್ಡ ಹೋಗುವುದಿಲ್ಲ. ಒಮ್ಮೆ ಗಡ್ಡದ ಗೂಡಾಗಿ ಬದಲಾದದ್ದು ಹಾರ್ಮೋನು ಇಳಿದರೂ ಸಾಮಾನ್ಯವಾಗಿ ತುಪ್ಪುಳಕ್ಕೆ ಮರಳುವುದಿಲ್ಲ. ಕರಿ ಗಡ್ಡಕ್ಕೆ ಲೇಸರ್ ಮೊದಲು, ಉಳಿದದ್ದಕ್ಕೆ ಸೂಜಿ. ಯೋನಿ ರೂಪಿಸುವ ಶಸ್ತ್ರಚಿಕಿತ್ಸೆಯ ಯೋಚನೆ ಇದ್ದರೆ, ಒಳಕ್ಕೆ ಹೋಗುವ ಚರ್ಮದ ಕೂದಲನ್ನು ಮುಂಚೆಯೇ ತೆಗೆಸಬೇಕಾಗುತ್ತದೆ. ಯಾವ ಭಾಗ ಎಂದು ಸರ್ಜನ್ ಹತ್ತಿರ ಚಿತ್ರ ಬರೆಸಿಕೊಂಡು ಬನ್ನಿ. ಅದಕ್ಕೆ ಹಲವು ತಿಂಗಳು ಬೇಕು, ಬೇಗ ಶುರು ಮಾಡಿ.

ಎಂಟು ಸಿಟ್ಟಿಂಗ್ ಆಯ್ತು. ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿದೆ. ಇನ್ನೊಂದು ಪ್ಯಾಕೇಜ್ ತಗೊಳ್ಲಾ?

ತಕ್ಷಣ ಬೇಡ. ಮೂರ್ನಾಲ್ಕು ತಿಂಗಳು ಬಿಡಿ. ಆಮೇಲೆ ಕನ್ನಡಿ ಮುಂದೆ, ಹಗಲು ಬೆಳಕಿನಲ್ಲಿ ನೋಡಿ. ಉಳಿದವು ದಪ್ಪ, ಕಪ್ಪು, ಗುಂಪಾಗಿದ್ದರೆ ಒಂದೋ ಎರಡೋ ಲೇಸರ್ ಸಾಕು, ಬಿಡಿಯಾಗಿ ಮಾಡಿಸಿ. ತೆಳ್ಳಗೆ, ಕಂದು ಬಣ್ಣಕ್ಕೆ ತಿರುಗಿ, ಅಲ್ಲೊಂದು ಇಲ್ಲೊಂದು ನಿಂತಿದ್ದರೆ ಲೇಸರ್ ಕೆಲಸ ಅಲ್ಲಿಗೆ ಮುಗಿಯಿತು. ಎಷ್ಟು ಶಕ್ತಿ ಏರಿಸಿದರೂ ಹಿಡಿಯಲು ಬಣ್ಣ ಸಾಲದು. ಅವನ್ನು ಎಣಿಸಿ. ಗದ್ದದ ಮೇಲೆ ಮೂವತ್ತು ಇದ್ದರೆ ಸೂಜಿಗೆ ಅದು ಒಂದು ಸಂಜೆಯ ಕೆಲಸ. ಬರುವ ಒಂದು ವಾರ ಮುಂಚಿನಿಂದ ಕೀಳಬೇಡಿ, ಶೇವ್ ಕೂಡ ಬೇಡ. ಸೂಜಿಗೆ ದಾರಿ ತೋರಿಸಲು, ಚಿಮುಟಕ್ಕೆ ಸಿಗಲು ನನಗೆ ಸ್ವಲ್ಪ ಕೂದಲು ಹೊರಗೆ ಬೇಕು.